ಮೂರನೆಯ ಕೂಗು

ಹೊತ್ತು ಹುಟ್ಟಿದ ಮೇಲೆ ಫೋನು ಬಡಿದುಕೊಳ್ಳುತ್ತಿರುವುದು ಇದು ಹನ್ನೊಂದನೆಯ ಸಲ. ಬೈರಮ್ಮ ಅದನ್ನು ರಾಗಿ ಡಬ್ಬದ ಮೇಲೆ ಬೋರಲು ಹಾಕಿದಳು. ಎತ್ತಿದರೆ ಚಿನ್ನದ ಮೇಲೆ ಸಾಲ, ಬಿಡದಿಯ ಹತ್ತಿರ ಸೈಟು, ಮಂಡಿನೋವಿನ ಎಣ್ಣೆ. ಎತ್ತದಿದ್ದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತು. ಯುಗಾದಿಯ ಹಿಂದಿನ ವಾರ ದೊಡ್ಡಆಲಹಳ್ಳಿಯಲ್ಲಿ ಅಕ್ಕ ತೀರಿಕೊಂಡ ಸುದ್ದಿ ಇದೇ ಗದ್ದಲದಲ್ಲಿ ಮುಚ್ಚಿಹೋಗಿತ್ತು. ಒಡಹುಟ್ಟಿದವಳ ಮಣ್ಣಿಗೂ ಹೋಗಲಾಗಲಿಲ್ಲ.

ಈಗ ಮಾಗಡಿಯಲ್ಲಿ ಮಗಳು ವನಜಾಕ್ಷಿಗೆ ದಿನ ತುಂಬಿದೆ. ಹಿಂದಿನ ಹೆರಿಗೆಯಲ್ಲಿ ಜೀವ ಹೋಗಿ ಬಂದಿತ್ತು. ಈ ಸಲ ಆಸ್ಪತ್ರೆ ಬಿಟ್ಟು ದೂರ ಹೋಗಬೇಡ ಎಂದಿದ್ದರು ಡಾಕ್ಟರು. ಅದಕ್ಕೇ ತವರಿಗೂ ಬಂದಿರಲಿಲ್ಲ. ನೋವು ಕಾಣಿಸಿಕೊಂಡ ಕೂಡಲೇ ಫೋನು ಮಾಡುತ್ತೇನೆ ಎಂದಿದ್ದಳು. "ಒಳಿಕ್ ಕರ್ಕಂಡ್ ಹೋಗೋಕೆ ಮುಂಚೆ ನಿನ್ ಮಕ ನೋಡ್ಬೇಕು ಕಣವ್ವ."

"ಅಜ್ಜೀ."

ಹೊರಗಿನಿಂದ ಯಾರೋ ಕೂಗಿದರು. ಬೈರಮ್ಮ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದರು. ಆಗಲೂ ಅವಳು ಅಲ್ಲಾಡಲಿಲ್ಲ. ಮೂರನೆಯ ಸಲ ಕೂಗಿದ ಮೇಲೆಯೇ ಚಿಲಕ ತೆಗೆದಳು. ಬಾಗಿಲ ಮೇಲೆ ಎಂದೋ ಸುಣ್ಣದಲ್ಲಿ ಬರೆಸಿದ 'ನಾಳೆ ಬಾ' ಅರ್ಧ ಅಳಿಸಿತ್ತು. ಅದರ ಕೆಳಗೆ ಶಾಲಿನಿ ನಗುತ್ತಾ ನಿಂತಿದ್ದಳು.

"ಇನ್ನೂ ಎಣಿಸ್ತೀಯಲ್ಲಜ್ಜಿ."

"ದೆವ್ವ ನಮ್ಮೋರ ದನೀಲೇ ಕೂಗೋದು ಕಣವ್ವ. ಆದ್ರೆ ಎರಡೇ ಸಲ. ಮೂರ್ನೇ ಸಲ ಕೂಗುದ್ರೆ ಮನುಸ್ರೇ."

ಬೀದಿಯ ಕೊನೆಯ ಮನೆಯ ಹುಡುಗಿ ಶಾಲಿನಿ. ಈ ಕಥೆಯನ್ನು ಬೈರಮ್ಮನ ಮಡಿಲಲ್ಲಿ ಕೇಳಿಯೇ ಬೆಳೆದವಳು. ಎರಡು ವರ್ಷದಿಂದ ರಾಮನಗರದಲ್ಲಿ ಕಂಪ್ಯೂಟರ್ ಕೆಲಸ. ಅವರೂರು ಬೈರಾಪಟ್ಟಣಕ್ಕೆ ಗೊತ್ತಿದ್ದದ್ದು ಅಷ್ಟೇ. ಕೊರಳಲ್ಲಿ ನೀಲಿ ದಾರದ ಗುರುತಿನ ಚೀಟಿ. ಗಾಳಿಗೆ ಅದು ಮಗುಚಿದಾಗಲೆಲ್ಲ ಬೆರಳಿನಿಂದ ಎದೆಗೆ ಒತ್ತಿ ಹಿಂಬದಿಯನ್ನೇ ಹೊರಗೆ ಮಾಡಿಕೊಳ್ಳುತ್ತಿದ್ದಳು. ದನಿ ಒಡೆದಿತ್ತು. ವಾರವೆಲ್ಲ ಆಫೀಸಿನಲ್ಲಿ ಮೈಕಿನ ಮುಂದೆ ಒಂದೇ ಸಮ ಮಾತಾಡಿಸಿದ್ದಾರೆ ಎಂದಳು. ಬೈರಮ್ಮ ಬಿಸಿನೀರಿಗೆ ಜೀರಿಗೆ ಹಾಕಿ ಕೊಟ್ಟಳು.

ಶಾಲಿನಿ ಜಗಲಿಯಲ್ಲಿ ಕೂತು ವಿವರಿಸಿದಳು. ಹೊಸ ಕಾನೂನು ಬಂದಿದೆ. ಚನ್ನಪಟ್ಟಣದ ಅಂಗಡಿಯಲ್ಲಿ ಮಿಕ್ಸಿ ಗೆಲ್ಲುವ ಆಸೆಗೆ ಚೀಟಿ ತುಂಬಿಸಿದೆಯಲ್ಲ ಅಜ್ಜಿ, ಆ ನಂಬರು ಅಲ್ಲಿಂದ ಎಣ್ಣೆಯವರಿಗೆ, ಎಣ್ಣೆಯವರಿಂದ ಸೈಟಿನವರಿಗೆ ಹೋಯಿತು. ಇನ್ನು ಅದೆಲ್ಲ ನಡೆಯದು. ಹಾಗೆ ಕೊಂಡ ಪಟ್ಟಿಗಳನ್ನು ಅಳಿಸಲೇಬೇಕು, ಇಲ್ಲವಾದರೆ ಕಂಪನಿಗಳಿಗೆ ಭಾರೀ ದಂಡ. ಆ ಪಟ್ಟಿಗಳು ಓಡಾಡುವ ದಾರಿಯನ್ನು ಅವಳು ತನ್ನೂರ ಓಣಿಗಳಂತೆ ಹೇಳುತ್ತಿದ್ದಳು.

ಎದುರುಮನೆಯ ಕೆಂಚಯ್ಯ ಬೀಡಿ ಆರಿಸಿ ಎದ್ದು ಬಂದ. ತನಗೆ ದಿನವೂ ಸಾಲ ಬೇಕಾ ಎಂದು ಒಂದು ಹುಡುಗಿ ಫೋನು ಮಾಡುತ್ತಾಳೆ ಎಂದ. "ಊಟ ಆಯ್ತಾ ಅಂತ ನಮ್ ಸೊಸೇನೂ ಕೇಳಕಿಲ್ಲ, ಅವ್ಳು ಕೇಳ್ತಾಳೆ. ಅವ್ಳೊಬ್ಬಳ್ನ ಬುಟ್ಬುಡವ್ವ, ಅಳಿಸ್ಬ್ಯಾಡ."

ಅಷ್ಟರಲ್ಲಿ ಜಗಲಿಯ ಸುತ್ತ ಸೇರಿದ್ದವರೆಲ್ಲ ನಕ್ಕರು. ಇದಕ್ಕೆ ನಿಮ್ಮ ಹೆಬ್ಬೆಟ್ಟು ಬೇಕು ಎಂದು ಶಾಲಿನಿ ಟ್ಯಾಬು ತೆರೆದಳು. ಕಾನೂನಿನ ವಿಷಯವಿದ್ದ ಮೇಲಿನ ನಾಲ್ಕು ಸಾಲು ಗಟ್ಟಿಯಾಗಿ ಓದಿದಳು. ಕೆಳಗೆ ಸಣ್ಣಕ್ಷರ ಬಹಳವಿತ್ತು. ಗಂಟಲು ಕೆರೆಯುತ್ತಿದೆ ಎಂದು ಅಲ್ಲಿಗೇ ನಿಲ್ಲಿಸಿದಳು.

ಓದಲು ಬಾರದ ಬೈರಮ್ಮ ಪರದೆಯನ್ನೇ ನೋಡಿದಳು. "ಇದುನ್ನ ಒತ್ತುದ್ರೆ ಅವೆಲ್ಲ ನಿಂತೋಯ್ತವೇನವ್ವ? ವನಜನ ಫೋನೊಂದು ಸಿಕ್ಕುದ್ರೆ ಸಾಕು ನಂಗೆ."

ಶಾಲಿನಿ ತಲೆ ಎತ್ತಲಿಲ್ಲ. "ನೀನು ಒಪ್ಪದೇ ಇರೋರು ಯಾರೂ ಇನ್ಮೇಲೆ ಫೋನ್ ಮಾಡಂಗಿಲ್ಲ ಕಣಜ್ಜಿ."

ಬೈರಮ್ಮ ಹೆಬ್ಬೆಟ್ಟು ಒತ್ತಿದಳು. ಹಿಂದೆಯೇ ಕೆಂಚಯ್ಯ, ಅವನ ಹಿಂದೆ ಇಡೀ ಬೀದಿ. ಬೇರೆ ಯಾರು ಬಂದು ಕೇಳಿದ್ದರೂ ಅವರೆಲ್ಲ ಒತ್ತುತ್ತಿದ್ದರೋ ಇಲ್ಲವೋ. ಇವಳು ಮನೆಮಗಳು.

ಹೊರಡುವಾಗ ಶಾಲಿನಿ ಏನನ್ನೋ ನೆನೆಸಿಕೊಂಡವಳಂತೆ ತಿರುಗಿ ಬಂದಳು. ಬೈರಮ್ಮನ ಫೋನು ಇಸಿದುಕೊಂಡು ವನಜಾಕ್ಷಿಯ ನಂಬರಿಗೆ ಅವಳ ಮದುವೆಯ ಫೋಟೋ ಸೇರಿಸಿದಳು. ಮಗಳು ಕರೆದಾಗ ಮುಖ ಕಾಣುತ್ತದೆ, ಓದುವುದು ಬೇಕಿಲ್ಲ. ಬೈರಮ್ಮ ಅವಳ ಕೆನ್ನೆ ಸವರಿ ನೆಟಿಕೆ ಮುರಿದಳು. ಹುಡುಗಿಯ ಕಣ್ಣು ತುಂಬಿದ್ದನ್ನು ಕಂಡು, ದೃಷ್ಟಿಯಾಗಿರಬೇಕು ಎಂದುಕೊಂಡಳು.

ಮೂರು ದಿನ ಫೋನು ಉಸಿರೆತ್ತಲಿಲ್ಲ. ಬೈರಮ್ಮ ಅದನ್ನು ಸೆರಗಿನ ಗಂಟಿನಂತೆ ಜೊತೆಯಲ್ಲೇ ಇಟ್ಟುಕೊಂಡು ತಿರುಗಿದಳು. ಕೆಂಚಯ್ಯ ಮಾತ್ರ, ಊಟ ಆಯಿತಾ ಎನ್ನುವವರೇ ಇಲ್ಲವಾದರು ಎಂದು ಗೊಣಗಿದ.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಫೋನು ಜಗಲಿಯ ಮೇಲಿತ್ತು. ಬಡಿಯಿತು, ನಿಂತಿತು. ಮತ್ತೆ ಬಡಿಯಿತು, ನಿಂತಿತು. ಅವಳು ಮಂಡಿನೋವು ಮರೆತು ಓಡಿದಳು. ಮೂರನೆಯ ಸಲ ಬಡಿಯುವಾಗ ಕೈಗೆ ಸಿಕ್ಕಿತು. ಮೂರು ಸಲ ಕರೆದಿದ್ದಾರೆ. ಮನುಷ್ಯರೇ.

"ಅಜ್ಜೀ, ನಾನು ಶಾಲಿನಿ. ನಿಮಗೊಂದು ಒಳ್ಳೆಯ ಸುದ್ದಿ ಇದೆ."

ಬೈರಮ್ಮನ ಎದೆ ಹಗುರವಾಯಿತು. "ಹೆರಿಗೆ ಆಯ್ತೇನವ್ವ? ನಿಂಗೆ ಮಾಡಿದ್ರಾ ಫೋನು? ವನಜ ಹೆಂಗವ್ಳೆ?"

ಕಿವಿಯಲ್ಲಿ ಟುಯ್ ಟುಯ್ ಎಂದು ಇನ್ನೇನೋ ಸದ್ದು. ಫೋನು ಮುಂದೆ ಹಿಡಿದು ನೋಡಿದಳು. ಪರದೆಯ ಮೇಲೆ ವನಜಾಕ್ಷಿಯ ಮುಖ ಮಿಣುಕುತ್ತಿತ್ತು. ಏನನ್ನು ಒತ್ತಿದರೆ ಮಗಳು ಸಿಗುತ್ತಾಳೆ? ಬೆರಳು ಗುಂಡಿ ಹುಡುಕುತ್ತಿದ್ದಂತೆಯೇ ಮುಖ ಆರಿಹೋಯಿತು. "ಶಾಲಿನಿ, ಒಸಿ ತಡಿಯವ್ವ, ನನ್ ಮಗಳು ಕರೀತಾವ್ಳೆ" ಎಂದಳು.

ಶಾಲಿನಿಯ ದನಿ ತಡೆಯಲಿಲ್ಲ, ರೆಕಾರ್ಡು ಹಾಕಿದಂತೆ ಓಡುತ್ತಲೇ ಇತ್ತು: "...ಬಿಡದಿಯ ಹತ್ತಿರ ನಿಮ್ಮ ಕನಸಿನ ಸೈಟು. ನೀವೇ ಹೆಬ್ಬೆಟ್ಟು ಒತ್ತಿ ಒಪ್ಪಿಗೆ ಕೊಟ್ಟಿರುವುದರಿಂದ, ನಮ್ಮ ಎಲ್ಲ ಜಾಹೀರಾತುಗಳೊಂದಿಗೆ ಇನ್ನು ದಿನವೂ ನಾನೇ ನಿಮ್ಮನ್ನು ಕರೆಯುತ್ತೇನೆ."