ಕಡಲ ಕೊಲೆಗಾರ

ಶಾರ್ಕ್ ಡೈವಿಂಗ್ ಪತ್ರಿಕೆಯ ಸಂಪಾದಕರು ಲವೀನಾ ತಂದ ಮುಖಪುಟವನ್ನು ಮೇಜಿನ ಮೇಲೆ ಬಿಸಾಡಿದರು. ಕಡಲಿಗಿಳಿದು ಶಾರ್ಕಿನ ಚಿತ್ರ ತೆಗೆದವಳೂ ಪುಟ ಕಟ್ಟಿದವಳೂ ಅವಳೇ.

"'ಕಡಲ ಕೊಲೆಗಾರ' ಅಂತ ದಪ್ಪಕ್ಷರದಲ್ಲಿ ಹಾಕ್ಲಿಕ್ಕೆ ಹೇಳಿದ್ದೆನಲ್ಲ, ಎಲ್ಲಿ?"

"ಹಾಕುವುದಿಲ್ಲ ಸರ್."

"ಹಾಗಾದ್ರೆ ನಾಳೆಯಿಂದ ಬರಬೇಡ. ನಿನ್ನಂಥವರು ಬೀದಿಗೆ ಹತ್ತು ಜನ ಸಿಗ್ತಾರೆ."

ಲವೀನಾ ಜಗ್ಗಲಿಲ್ಲ. ಕೆಲಸ ಹೋದರೂ ಸರಿ, ಆ ಸುಳ್ಳಿಗೆ ಅವಳ ಚಿತ್ರ ಸಿಗುವಂತಿರಲಿಲ್ಲ.

ಸಂಪಾದಕರು ಕನ್ನಡಕ ಏರಿಸಿ ಚಿತ್ರದ ಮೇಲೆ ಬಾಗಿದರು. "ಇದೆಂಥದು ಮಾರಾಯ್ತಿ? ಬೆನ್ನಿನ ರೆಕ್ಕೆಯೇ ಇಲ್ಲ! ಪುಟದಲ್ಲಿ ಜಾಗ ಸಾಲಲಿಲ್ಲ ಅಂತ ಕತ್ತರಿಸಿಬಿಟ್ಟೆಯಾ?"

"ಕತ್ತರಿಸಿದ್ದು ನಾನಲ್ಲ ಸರ್. ಯಾರೋ ಸೂಪಿಗೆ ಅಂತ ರೆಕ್ಕೆ ಕೊಯ್ದುಕೊಂಡು, ಜೀವ ಇರುವಾಗಲೇ ಶಾರ್ಕನ್ನು ವಾಪಸ್ ಕಡಲಿಗೆ ಎಸೆದಿದ್ದಾರೆ."