ತಟ್ಟೆಯ ಎಡಭಾಗ

"ಎಂತಮ್ಮಾ, ಇವತ್ತು ಅಕ್ಕನ ತಟ್ಟೆ ತಿರುಗಿಸ್ಲೇ ಇಲ್ಲ?" ಎಂದಳು ಪುಟ್ಟ ಸಂಪದಾ. ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದ ವಾಗ್ದೇವಿಯ ಕೈ ಅಲ್ಲೇ ನಿಂತಿತು.

ತಂಗಿ ಕೊಟ್ಟ ಅಸ್ಥಿಮಜ್ಜೆಯ ಕಸಿ ಮುಗಿಸಿಕೊಂಡು ಬೇಗಾರಿನ ಮನೆಗೆ ಮರಳಿದ್ದ ಶ್ರೀರಕ್ಷಾ ಮೊನ್ನೆಯಿಂದ ತಟ್ಟೆಯ ಬಲಗಡೆ ಇದ್ದದ್ದನ್ನಷ್ಟೇ ತಿಂದು ಏಳಹೊರಡುತ್ತಿದ್ದಳು. ವಾಗ್ದೇವಿ ಸದ್ದಿಲ್ಲದೆ ತಟ್ಟೆ ತಿರುಗಿಸಿ, "ಇನ್ನೊಂದು ತಿನ್ನು ಕೂಸೇ" ಎನ್ನುತ್ತಿದ್ದಳು. ಕಣ್ಣು, ಮಾತು, ನಡಿಗೆಯಲ್ಲಿ ಏನೇ ವ್ಯತ್ಯಾಸ ಕಂಡರೂ ತಕ್ಷಣ ಕರೆತನ್ನಿ ಎಂದಿದ್ದರು ಡಾಕ್ಟರು. ಆಯಾಸವಿರಬೇಕು, ನಾಳೆ ನೋಡೋಣ ಎಂದು ವಾಗ್ದೇವಿ ದಿನ ತಳ್ಳಿದ್ದಳು.

ಕಾವಲಿಯ ದೋಸೆ ಸೀಯತೊಡಗಿತು. ಶ್ರೀರಕ್ಷಾ ತಾನೇ ತಟ್ಟೆ ತಿರುಗಿಸಿದಳು. ಎಡದಿಂದ ಬಲಕ್ಕೆ ಬಂದ ದೋಸೆಯನ್ನು ಬೆರಳಿನಿಂದ ಒತ್ತಿ ನೋಡಿ, ಮೆಲ್ಲಗೆ ತಲೆಯೆತ್ತಿದಳು.

"ಅಮ್ಮಾ, ನಂಗೆ ಆ ಬದಿ ಕಾಣ್ತಿಲ್ಲ ಅಂತ ನಿಂಗೆ ಗೊತ್ತಿತ್ತಾ?"