ಕಾಶೀಂಬಿ ಕೊಟ್ಟ ಮತ

ನಮ್ಮ ಊರಲ್ಲಿ ಮತ ಹಾಕುವುದೆಂದರೆ ದನಿ ಕೊಡುವುದು. ಸೋತವರಿಗೆ ಕೊಟ್ಟ ದನಿ ಅಂದೇ ಸಂಜೆ ಮರಳುತ್ತದೆ. ಗೆದ್ದವರಿಗೆ ಕೊಟ್ಟದ್ದು ಐದು ವರ್ಷ ಅವರ ಗಂಟಲಲ್ಲೇ ಇರುತ್ತದೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಹೇಳಲಾಗುವುದಿಲ್ಲ.

ಕುಂಬಾರ ಓಣಿಯ ಹೆಂಗಸರಿಗೆ ಖಾಲಿ ಕೊಡ ಹಿಡಿದು ಪಾಲಿಕೆಯ ಮುಂದೆ ಕೂಗುವುದನ್ನು ಕಲಿಸಿದವಳು ಸಮಾಜಸೇವಕಿ ನೀಲವ್ವ. ಇಡೀ ಓಣಿ ಅವಳಿಗೇ ಮತ ಹಾಕಿತು. ಈಗ ಅವಳು ಮೇಯರ್.

"ಕುಂಬಾರ ಓಣಿಗೆ ನೀರು ಬರಾಕತ್ತಾವೇನ್ರಿ?" ಎಂದು ಸಭೆಯಲ್ಲಿ ಕೇಳಿದಳು.

"ಅಲ್ಲಿಂದ ಒಂದೂ ತಕರಾರು ಇಲ್ರಿ ಮೇಡಂ," ಎಂದ ಎಂಜಿನಿಯರ್. "ನೀವು ಬಂದಮ್ಯಾಲೆ ಓಣಿ ಭಾಳ ಶಾಂತ ಐತ್ರಿ."

ನೀಲವ್ವ ಎದ್ದು ನೇರ ಓಣಿಗೆ ಹೋದಳು. ನಳದ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಹೆಂಗಸರು ಅವಳು ಕಲಿಸಿದಂತೆಯೇ ಖಾಲಿ ಕೊಡ ಹಿಡಿದು ಸಾಲಾಗಿ ನಿಂತು, ಬಾಯಿ ತೆರೆದು ಮುಚ್ಚುತ್ತಿದ್ದರು. ಎಲ್ಲರಿಗಿಂತ ಮುಂದೆ, ಓಣಿಯಲ್ಲೇ ಗಟ್ಟಿ ಗಂಟಲಿನ ಕಾಶೀಂಬಿ. ಕತ್ತಿನ ನರ ಉಬ್ಬಿದ್ದವು, ಸದ್ದಿರಲಿಲ್ಲ.

"ಯಾಕ ಕಾಶೀಂಬಿ, ನೀರು ಬಂದು ಎಷ್ಟ ದಿನಾತು?" ಎಂದಳು ನೀಲವ್ವ.

ಅವಳ ಬಾಯಿಂದ ಬಂದದ್ದು ಕಾಶೀಂಬಿಯದೇ ದನಿ.

ಕಾಶೀಂಬಿ ಕೊಡ ಕೆಳಗಿಟ್ಟಳು. ಪಕ್ಕದ ಮನೆ ಹೊಕ್ಕ ತನ್ನ ಕೋಳಿಯನ್ನು ಹಿಡಿಯುವವಳಂತೆ ಎರಡೂ ಕೈಗಳನ್ನು ಮೆಲ್ಲಗೆ ಮೇಯರ್ ಗಂಟಲತ್ತ ಚಾಚಿದಳು.